‘ಗರಂ ಹವಾ’ದ ಅಜ್ಜಿ ಮತ್ತು ನಮ್ಮ ಪೌರತ್ವ

ಮಂಗಳೂರಿನ ಒಂದು ಪುಟ್ಟ ಸಭಾಂಗಣದಲ್ಲಿ ಈಚೆಗೆ ಎಂ.ಎಸ್. ಸತ್ಯು ಅವರ ‘ಗರಂ ಹವಾ’ ಚಿತ್ರವನ್ನು ತೋರಿಸಿದರು. ನಲವತ್ತು ಮಂದಿ ಸೇರಿದ್ದಿರಬಹುದು. ಅರ್ಧದಷ್ಟು ಜನ ನಮ್ಮಂತೆ ಚಿತ್ರವನ್ನು ಮೊದಲೇ ನೋಡಿದವರು, ಉಳಿದವರು ಕಾಲೇಜಿನ ಹುಡುಗ ಹುಡುಗಿಯರು. ಕೊನೆಯ ದೃಶ್ಯದಲ್ಲಿ, ಪಾಕಿಸ್ತಾನಕ್ಕೆಂದು ಹೊರಟ ಸಲೀಂ ಮಿರ್ಜಾ ಟಾಂಗಾದಿಂದಿಳಿದು ಮೆರವಣಿಗೆಯ ಜನರೊಳಗೆ ಸೇರಿಹೋದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಪ್ರತಿ ಸಲ ನೋಡಿದಾಗಲೂ ಅಲ್ಲಿ ನಮ್ಮ ಗಂಟಲು ಕಟ್ಟುತ್ತದೆ.

ಆಮೇಲೆ ನಡೆದ ಮಾತುಕತೆಯಲ್ಲಿ ಕಾನೂನು ಓದುತ್ತಿರುವ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ್, ಸಲೀಂ ಮಿರ್ಜಾ ಆ ಮೆರವಣಿಗೆಗೆ ಸೇರದೆ, ಟಾಂಗಾ ತಿರುಗಿಸಿ ಸುಮ್ಮನೆ ಮನೆಗೆ ಹೋಗಿ ಮಲಗಿದ್ದರೆ ಈ ದೇಶದ ಪ್ರಜೆ ಆಗುತ್ತಿರಲಿಲ್ಲವೇ?”

ಯಾರೂ ಉತ್ತರಿಸಲಿಲ್ಲ. ಒಬ್ಬರು ಚಿತ್ರದ ಪ್ರಗತಿಪರ ಆಶಯದ ಬಗ್ಗೆ ಹೇಳಿದರು, ಇನ್ನೊಬ್ಬರು ಬಲರಾಜ್ ಸಾಹ್ನಿಯವರ ಅಭಿನಯವನ್ನು ಹೊಗಳಿದರು. ಅಷ್ಟರಲ್ಲಿ ಚಹಾ ಬಂತು. ಆದರೆ ಆ ಹುಡುಗನ ಪ್ರಶ್ನೆ ನಮ್ಮ ಜೊತೆ ಮನೆಯವರೆಗೂ ಬಂತು. ಚಿತ್ರವನ್ನೂ, ಪೌರತ್ವದ ಬಗ್ಗೆ ಕೆಲವು ವರ್ಷಗಳಿಂದ ನಾವೇ ವೇದಿಕೆಗಳಲ್ಲಿ ಆಡುತ್ತಾ ಬಂದ ಮಾತುಗಳನ್ನೂ ಆ ಪ್ರಶ್ನೆಯ ಬೆಳಕಿನಲ್ಲಿ ಮತ್ತೊಮ್ಮೆ ಓದಬೇಕೆನಿಸಿತು. ಈ ಬರಹ ಅದರ ಪರಿಣಾಮ.

ಮೈಸೂರಿನವರು ಕಂಡ ಆಗ್ರಾ

‘ಗರಂ ಹವಾ’ ಉರ್ದು ಲೋಕದ ಚಿತ್ರ. ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕತೆಯ ಎಳೆಯಿಂದ ಶಮಾ ಝೈದಿ ಮತ್ತು ಕೈಫಿ ಆಝ್ಮಿ ಚಿತ್ರಕತೆ ಹೆಣೆದರು. ನಿರ್ದೇಶಿಸಿದವರು ಮಾತ್ರ ಮೈಸೂರಿನ ಕನ್ನಡಿಗರು. 1973ರಲ್ಲಿ ಚಿತ್ರ ಸಿದ್ಧವಾದಾಗ ಗಲಭೆಯಾದೀತೆಂಬ ಭಯದಲ್ಲಿ ಸೆನ್ಸಾರ್ ಮಂಡಳಿ ಅದನ್ನು ತಿಂಗಳುಗಟ್ಟಲೆ ತಡೆದಿಟ್ಟಿತು. ಕೊನೆಗೆ 1974ರಲ್ಲಿ ಅದು ಮೊದಲು ತೆರೆ ಕಂಡದ್ದು ನಮ್ಮ ಬೆಂಗಳೂರಿನ ಚಿತ್ರಮಂದಿರಗಳಲ್ಲಿ. ಗಲಭೆಯಾಗಲಿಲ್ಲ, ಜನ ನೋಡಿದರು. ಅದೇ ಚಿತ್ರಕ್ಕೆ ಮುಂದೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಬಂತು. ಜನರ ಪರವಾಗಿ ತಾನೇ ಮೊದಲು ಹೆದರಿಕೊಳ್ಳುವುದು ಅಧಿಕಾರದ ಹಳೆಯ ಅಭ್ಯಾಸ.

ಕತೆ ಓದುಗರಿಗೆ ಗೊತ್ತಿರುವಂಥದ್ದೇ. ಆಗ್ರಾದಲ್ಲಿ ಚಪ್ಪಲಿ ಕಾರ್ಖಾನೆ ನಡೆಸುವ ಸಲೀಂ ಮಿರ್ಜಾ ದೇಶವಿಭಜನೆಯ ನಂತರವೂ ಊರು ಬಿಡಲೊಲ್ಲ. ದೊಡ್ಡ ದೊಡ್ಡ ಭಾಷಣ ಮಾಡುತ್ತಿದ್ದ ಅಣ್ಣ ಹಲೀಂ ಹೇಳದೆ ಕೇಳದೆ ಹೋಗಿಬಿಡುತ್ತಾನೆ. ಪೂರ್ವಜರ ಹವೇಲಿ ಕಾಗದದಲ್ಲಿ ಅಣ್ಣನ ಹೆಸರಿನಲ್ಲಿದ್ದುದರಿಂದ ಅದು ‘ನಿರ್ವಸಿತರ ಆಸ್ತಿ’ಯಾಗಿ ಸರಕಾರದ ವಶಕ್ಕೆ ಹೋಗುತ್ತದೆ. ಬ್ಯಾಂಕು ಸಾಲ ಕೊಡುವುದಿಲ್ಲ, ಬಾಡಿಗೆಗೆ ಮನೆ ಸಿಗುವುದಿಲ್ಲ. ಮಗಳು ಅಮೀನಾಳನ್ನು ಮದುವೆಯಾಗಲು ಗಡಿಯಾಚೆಯಿಂದ ಬಂದ ಕಾಝಿಂನನ್ನು ಪೊಲೀಸರು ಹಿಡಿದು ವಾಪಸು ಕಳುಹಿಸುತ್ತಾರೆ. ಅವನು ಆಗ್ರಾದಲ್ಲೇ ಬೆಳೆದವನು, ಆದರೆ ಸರಿಯಾದ ಕಾಗದ ಅವನ ಕೈಯಲ್ಲಿಲ್ಲ. ಅಣ್ಣನಿಗೆ ಹವೇಲಿಯ ನಕ್ಷೆ ಕಳುಹಿಸಿದ ತಪ್ಪಿಗೆ ಸಲೀಂ ಮಿರ್ಜಾರ ಮೇಲೆ ಬೇಹುಗಾರಿಕೆಯ ಆರೋಪ ಬರುತ್ತದೆ. ನ್ಯಾಯಾಲಯ ಬಿಡುತ್ತದೆ, ಬೀದಿ ಬಿಡುವುದಿಲ್ಲ.

ಈ ಚಿತ್ರದಲ್ಲಿ ರಾಕ್ಷಸರಿಲ್ಲ. ಕತ್ತಿ ಹಿಡಿದ ಗುಂಪಿಲ್ಲ. ಹವೇಲಿಗೆ ಬಂದ ನಿರಾಶ್ರಿತ ಅಜ್ಮಾನಿ ಸಾಹೇಬ ಸಜ್ಜನ. ಇಲ್ಲಿರುವುದೆಲ್ಲ ಫೈಲುಗಳು, ನೋಟಿಸುಗಳು, ಕೌಂಟರಿನ ಹಿಂದೆ ಕುಳಿತು ಕಣ್ಣೆತ್ತದೆ ಮಾತಾಡುವ ನೌಕರರು. ಆ ಕಾಲದ ಆಸ್ತಿ ಕಾನೂನಿನಲ್ಲಿ ದೇಶ ಬಿಟ್ಟವರಿಗಷ್ಟೇ ಅಲ್ಲ, ಬಿಡುವ ಉದ್ದೇಶ ಇರಬಹುದಾದವರಿಗೂ ಒಂದು ವರ್ಗ ಇತ್ತು. ಮನುಷ್ಯನ ಮನಸ್ಸಿನಲ್ಲಿರುವ ಉದ್ದೇಶವನ್ನು ಓದುವ ಅಧಿಕಾರವನ್ನು ಕಾನೂನು ಒಬ್ಬ ಅಧಿಕಾರಿಗೆ ಕೊಟ್ಟಿತ್ತು. ಸತ್ಯು ಇದನ್ನು ಕಂಡದ್ದೇ ಚಿತ್ರದ ದೊಡ್ಡ ಗುಣ.

ಆದರೆ ಹುಡುಗ ಕೇಳಿದ್ದು ಕೊನೆಯ ದೃಶ್ಯದ ಬಗ್ಗೆ. ಅಲ್ಲಿ ಚಿತ್ರ ಒಂದು ಹೆಜ್ಜೆ ತಪ್ಪುತ್ತದೆ ಎಂದು ಈಗ ನಮಗನಿಸುತ್ತದೆ. ಎರಡು ಗಂಟೆಗೂ ಹೆಚ್ಚು ಕಾಲ, ಏನೂ ಮಾಡದ ಒಬ್ಬ ಮನುಷ್ಯನಿಗೆ ತನ್ನ ಊರಿನಲ್ಲಿ ಇರಲು ಹಕ್ಕಿಲ್ಲವೇ ಎಂದು ಕೇಳುತ್ತಾ ಬಂದ ಚಿತ್ರ ಕೊನೆಗೆ, ಅವನು ಹೋರಾಟಕ್ಕಿಳಿದ, ಆದ್ದರಿಂದ ಅವನು ಇಲ್ಲಿಯವನು ಎಂಬಂತೆ ಉತ್ತರಿಸುತ್ತದೆ. ಹಕ್ಕು ಗಳಿಕೆಯಾಗಿಬಿಡುತ್ತದೆ. ಹೋರಾಟ ದೊಡ್ಡದು, ಸಂದೇಹವಿಲ್ಲ. ಆದರೆ ಹೋರಾಡಲಾಗದವರ ಗತಿಯೇನು?

ಅದಕ್ಕೆ ಚಿತ್ರದಲ್ಲೇ ಇನ್ನೊಂದು ಉತ್ತರ ಇದೆ. ಅದು ಮಿರ್ಜಾರ ಮುದಿ ತಾಯಿ. ಹವೇಲಿ ಖಾಲಿ ಮಾಡುವ ದಿನ ಅವಳು ಸೌದೆಯ ಕೋಣೆಯಲ್ಲಿ ಅಡಗಿ ಕುಳಿತುಕೊಳ್ಳುತ್ತಾಳೆ. ಹೊತ್ತು ತರಬೇಕಾಗುತ್ತದೆ. ಸಾಯುವ ಹೊತ್ತಿಗೆ ಆ ಮನೆಗೇ ಹೋಗಬೇಕೆಂದು ಹಂಬಲಿಸುತ್ತಾಳೆ. ಮದುಮಗಳಾಗಿ ಪಲ್ಲಕ್ಕಿಯಲ್ಲಿ ಬಂದ ಮನೆಗೆ ಕೊನೆಯುಸಿರೆಳೆಯಲು ಮತ್ತೆ ಪಲ್ಲಕ್ಕಿಯಲ್ಲೇ ಹೋಗುತ್ತಾಳೆ. ಅವಳು ಯಾವ ದೇಶವನ್ನೂ ಆರಿಸಿಕೊಂಡವಳಲ್ಲ. ದೇಶಭಕ್ತಿಯ ಒಂದು ಮಾತನ್ನೂ ಆಡುವುದಿಲ್ಲ. ಬಹುಶಃ ಪಾಕಿಸ್ತಾನ ಎಲ್ಲಿದೆ ಎಂಬುದೂ ಅವಳಿಗೆ ಸ್ಪಷ್ಟವಿಲ್ಲ. ಅವಳಿಗೆ ಗೊತ್ತಿರುವುದು ಇಷ್ಟೇ: ಇದು ನನ್ನ ಮನೆ. ಜನ್ಮಸಿದ್ಧ ಪೌರತ್ವ ಎಂದರೆ ಮೂಲದಲ್ಲಿ ಇದೇ ಅಲ್ಲವೇ?

ಸಂವಿಧಾನ ಸಭೆಯ ತಲೆನೋವು

ಹುಡುಗನ ಪ್ರಶ್ನೆಗೆ ಕಾನೂನಿನ ಉತ್ತರ ಸುಲಭ. ಸಂವಿಧಾನದ 5ನೇ ವಿಧಿಯ ಪ್ರಕಾರ, ಭಾರತದಲ್ಲಿ ನೆಲೆಸಿದ್ದು ಇಲ್ಲೇ ಹುಟ್ಟಿದವನು ಭಾರತದ ಪ್ರಜೆ. ಸಲೀಂ ಮಿರ್ಜಾ ಮೆರವಣಿಗೆಗೆ ಹೋದರೂ ಪ್ರಜೆ, ಮನೆಗೆ ಹೋಗಿ ಮಲಗಿದರೂ ಪ್ರಜೆ. ಸಂವಿಧಾನದ ಬಹುಪಾಲು ವಿಧಿಗಳು 1950ರ ಜನವರಿ 26ರಂದು ಜಾರಿಗೆ ಬಂದರೆ, ಪೌರತ್ವದ 5ರಿಂದ 9ರವರೆಗಿನ ವಿಧಿಗಳು ಎರಡು ತಿಂಗಳು ಮೊದಲೇ, 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಗಣರಾಜ್ಯ ಹುಟ್ಟುವ ಮೊದಲು ಅದರ ಪ್ರಜೆ ಹುಟ್ಟಿದ್ದ.

ಇದು ಸುಲಭವಾಗಿ ಆದದ್ದಲ್ಲ. 1947ರ ಏಪ್ರಿಲ್ 29ರಂದು ಪೌರತ್ವದ ವಿಷಯ ಸಭೆಯ ಮುಂದೆ ಬಂದಾಗ, ರಾಷ್ಟ್ರೀಯತೆಯ ಬಗ್ಗೆ ವಿಶಾಲವಾದ ಒಂದು ಕಲ್ಪನೆಯೂ ಸಂಕುಚಿತವಾದ ಇನ್ನೊಂದೂ ಇದೆ, ನಾವು ವಿಶಾಲವಾದದ್ದನ್ನೇ ಹಿಡಿಯಬೇಕು ಎಂದು ವಾದಿಸಿದವರು ಸರ್ದಾರ್ ಪಟೇಲರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಭಾರತೀಯರಿಗೆ ಅಲ್ಲಿಯ ಪೌರತ್ವ ಕೇಳುವ ನಾವು ನಮ್ಮ ಮನೆಯಲ್ಲಿ ಬೇರೆ ಅಳತೆಗೋಲು ಇಡಲಾಗದು ಎಂಬುದು ಅವರ ತರ್ಕ. 1949ರ ಆಗಸ್ಟ್ 10ರಂದು ಅಂಬೇಡ್ಕರ್ ಈ ವಿಧಿಯನ್ನು ಮಂಡಿಸುವಾಗ, ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟ ವಿಧಿ ಅಪರೂಪವೆಂಬ ಅರ್ಥದ ಮಾತನ್ನಾಡಿದರು. ಪಿ.ಎಸ್. ದೇಶಮುಖರು, ಬೇರೆ ದೇಶದ ಪ್ರಜೆಯಲ್ಲದ ಪ್ರತಿಯೊಬ್ಬ ಹಿಂದೂ ಮತ್ತು ಸಿಖ್ಖನಿಗೆ, ಅವನು ಎಲ್ಲೇ ಇದ್ದರೂ ಪೌರತ್ವದ ಹಕ್ಕಿರಬೇಕೆಂದು ತಿದ್ದುಪಡಿ ತಂದರು. ಮೂರು ದಿನ ಬಿಸಿ ಚರ್ಚೆ ನಡೆಯಿತು. ಸಭೆ ತಿದ್ದುಪಡಿಯನ್ನು ಒಪ್ಪಲಿಲ್ಲ. ಆಗ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ, ದೆಹಲಿಯ ತುಂಬ ನಿರಾಶ್ರಿತರಿದ್ದರು. ಅಂಥ ಹೊತ್ತಿನಲ್ಲಿ ಆ ಸಭೆ ತೋರಿದ ಸಮಚಿತ್ತವನ್ನು ನೆನೆದರೆ ಈಗಲೂ ಗೌರವ ಮೂಡುತ್ತದೆ.

ಆದರೂ ಸಂವಿಧಾನ ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟಿತೆಂದು ಹೇಳಿದರೆ ಅದು ಭಾವುಕತೆಯಾದೀತು. 7ನೇ ವಿಧಿ 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ವಲಸೆ ಹೋದವರನ್ನು ಹೊರಗಿಟ್ಟಿತು. ಪುನರ್ವಸತಿಯ ಪರವಾನಗಿ ಪಡೆದು ಮರಳಿದವರಿಗೆ ಮಾತ್ರ ಅದರಲ್ಲಿ ವಿನಾಯಿತಿ. ಈ ವಿಧಿಯ ಬಿಸಿ ತಟ್ಟಿದ್ದು ಆಗ್ರಾ ದೆಹಲಿಗಳಿಗೆ ಮಾತ್ರವಲ್ಲ. ಮಲಬಾರಿನ ಎಷ್ಟೋ ಹುಡುಗರು ಹೊಟ್ಟೆಪಾಡಿಗಾಗಿ ಕರಾಚಿಯ ಹೋಟೆಲು, ಬೀಡಿ ಅಂಗಡಿಗಳಿಗೆ ಹೋಗಿದ್ದರು. ಅವರಿಗೆ ಕರಾಚಿ ಎಂದರೆ ಮುಂಬಯಿಯ ಹಾಗೆ ಒಂದು ಕೆಲಸದ ಊರು. ಮರಳಿ ಬರಲು ಕೈಗೆ ಸಿಕ್ಕಿದ ಪಾಸ್‌ಪೋರ್ಟ್ ಹಿಡಿದು ಬಂದರು, ಹುಟ್ಟಿದೂರಿನಲ್ಲೇ ಪಾಕಿಸ್ತಾನಿಗಳಾದರು. ಕುಳತ್ತಿಲ್ ಮಮ್ಮು ಎಂಬವರ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹುಡುಗನಾಗಿದ್ದಾಗ ದುಡಿಯಲು ಹೋದದ್ದೂ 7ನೇ ವಿಧಿಯ ‘ವಲಸೆ’ಯೇ? ‘ವಲಸೆ’ ಎಂಬ ಪದವನ್ನು ವಿಶಾಲ ಅರ್ಥದಲ್ಲೇ ಓದಬೇಕೆಂದು 1966ರಲ್ಲಿ ನ್ಯಾಯಾಲಯ ಹೇಳಿತು. ಒಂದೇ ಒಂದು ಪದದ ಅರ್ಥದ ಮೇಲೆ ಎಷ್ಟೋ ಬದುಕುಗಳು ನಿಂತಿದ್ದವು. ಕತೆಗಾರರಾದ ನಮಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕೇ?

ಒಂದೇ ಮನೆ, ಮೂರು ಕಾನೂನು

1955ರ ಪೌರತ್ವ ಕಾಯ್ದೆ ಮೊದಲಿಗೆ ಉದಾರವಾಗಿತ್ತು. 1950ರ ಜನವರಿ 26ರ ನಂತರ ಈ ನೆಲದಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂಥ ಕೆಲವು ಅಪವಾದಗಳನ್ನು ಬಿಟ್ಟರೆ, ಪ್ರಜೆಗಳು. ತಂದೆತಾಯಿ ಯಾರೆಂದು ಅದು ಕೇಳಲಿಲ್ಲ. 1986ರ ತಿದ್ದುಪಡಿ ಈ ಬಾಗಿಲನ್ನು ಅರ್ಧ ಮುಚ್ಚಿತು: 1987ರ ಜುಲೈ 1ರಿಂದ ಹುಟ್ಟಿದವರ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು. 2003ರ ತಿದ್ದುಪಡಿ ಇನ್ನಷ್ಟು ಮುಚ್ಚಿತು: 2004ರ ಡಿಸೆಂಬರ್ 3ರಿಂದ ಹುಟ್ಟಿದವರ ತಂದೆತಾಯಿ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಮೊದಲನೆಯ ತಿದ್ದುಪಡಿ ಕಾಂಗ್ರೆಸ್ ಸರಕಾರದ್ದು, ಎರಡನೆಯದು ವಾಜಪೇಯಿ ಸರಕಾರದ್ದು. 2019ರಲ್ಲಿ ಬೀದಿಗಿಳಿದ ನಮ್ಮಲ್ಲಿ ಎಷ್ಟು ಮಂದಿಗೆ ಈ ಹಿಂದಿನ ಎರಡರ ಬಗ್ಗೆ ಗೊತ್ತಿತ್ತು?

ನಮ್ಮ ಮನೆಯನ್ನೇ ನೋಡೋಣ. ನಮ್ಮ ಜನ್ಮ ದಿನಾಂಕ 1981ರ ಜೂನ್ 1. ನಮ್ಮ ಪ್ರಾಯದ ಅನೇಕ ಓದುಗರದ್ದೂ ಜೂನ್ 1 ಆಗಿರಬಹುದು. ಅದು ಹೆಡ್‌ಮಾಸ್ತರರು ಶಾಲೆಗೆ ಸೇರಿಸುವಾಗ ಬರೆದುಕೊಂಡ ತಾರೀಕು. ಅಮ್ಮನಿಗೆ ನೆನಪಿದ್ದುದು ಈದ್ ಕಳೆದ ಮರುವಾರ, ಆಟಿಯ ಜಡಿಮಳೆಯ ಒಂದು ರಾತ್ರಿ. ಉರ್ದು ಶಾಲೆಯ ರಿಜಿಸ್ಟರಿನಲ್ಲಿ ಆಟಿಗೆ ಕಾಲಂ ಇರಲಿಲ್ಲ. ನಮ್ಮ ತಮ್ಮ ಹುಟ್ಟಿದ್ದು 1988ರಲ್ಲಿ. ಮಗಳು 2009ರಲ್ಲಿ. ಮೂವರೂ ಒಂದೇ ಸೂರಿನಡಿ ಒಂದೇ ಗಂಜಿ ಉಂಡವರು. ಕಾನೂನಿನ ಲೆಕ್ಕದಲ್ಲಿ ಮೂರು ಬೇರೆ ಬೇರೆ ಸಾಲಿನಲ್ಲಿ ನಿಂತವರು. ನಮಗೆ ಇಲ್ಲಿ ಹುಟ್ಟಿದ್ದಷ್ಟೇ ಸಾಕು. ತಮ್ಮನಿಗೆ ಅಪ್ಪ ಅಥವಾ ಅಮ್ಮನ ಆಧಾರ ಬೇಕು. ಮಗಳಿಗೆ ಇಬ್ಬರದ್ದೂ ಬೇಕು. ಅವಳ ಬಳಿ ಆಸ್ಪತ್ರೆಯ ಚೀಟಿ, ಪಾಲಿಕೆಯ ಜನನ ಪ್ರಮಾಣಪತ್ರ ಎಲ್ಲ ಇವೆ. ಆದರೆ ಅವಳ ಪೌರತ್ವ ನಿಂತಿರುವುದು ನಮ್ಮ ಕಾಗದದ ಮೇಲೆ, ನಮ್ಮ ಕಾಗದ ನಿಂತಿರುವುದು ಹೆಡ್‌ಮಾಸ್ತರರ ಆ ಜೂನ್ ಒಂದರ ಮೇಲೆ.

ಇನ್ನು ನಮ್ಮ ದಾದಿಯ ವಿಷಯ. ಪಡಿತರ ಚೀಟಿಯಲ್ಲಿ ಖತೀಜಾ ಬಿ, ಮತದಾರರ ಪಟ್ಟಿಯಲ್ಲಿ ಕತೀಜಮ್ಮ, ಮನೆ ತೆರಿಗೆಯ ರಶೀದಿಯಲ್ಲಿ ಖದೀಜಾಬಾಯಿ. ಬದುಕಿದ್ದಾಗ ಮೂರು ಹೆಸರಿಗೂ ಅವರು ‘ಹ್ಞಾಂ’ ಎಂದು ಓಗೊಡುತ್ತಿದ್ದರು. ಆಗ ಅದು ಮನೆಯೊಳಗಿನ ತಮಾಷೆಯಾಗಿತ್ತು. 2019ರ ಚಳಿಗಾಲದಲ್ಲಿ ಹಳೆಯ ಟ್ರಂಕು ತೆರೆದು ಆ ಮೂರು ಕಾಗದಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಾಗ ಯಾರಿಗೂ ನಗು ಬರಲಿಲ್ಲ.

ಪೆನ್ನು ಯಾರ ಕೈಯಲ್ಲಿ?

2019ರ ಕಾಯ್ದೆಯ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಮೂರು ದೇಶಗಳ ಆರು ಧರ್ಮದವರಿಗೆ ದಾರಿ ತೆರೆದು, ಒಂದು ಧರ್ಮವನ್ನು ಕೈಬಿಟ್ಟ ಆ ಕಾಯ್ದೆ ದೇಶಮುಖರ ಸೋತ ತಿದ್ದುಪಡಿಯ ದೂರದ ಪ್ರತಿಧ್ವನಿ. ಅದರ ನಿಯಮಗಳು 2024ರ ಮಾರ್ಚ್ 11ರಂದು ಜಾರಿಗೆ ಬಂದವು. ಆದರೆ ನಮ್ಮ ಗಮನಕ್ಕೆ ಕಡಿಮೆ ಬಿದ್ದ ಬರಹ ಇನ್ನೊಂದಿದೆ. ಅದು 2003ರ ನಿಯಮಾವಳಿ. ಇದನ್ನು ರಚಿಸಿದ್ದು ಸಂಸತ್ತಲ್ಲ, ಕಾಯ್ದೆ ಕೊಟ್ಟ ಅಧಿಕಾರ ಬಳಸಿ ಸರಕಾರವೇ ರಚಿಸಿದ್ದು. ಜನಸಂಖ್ಯಾ ನೋಂದಣಿಯನ್ನು ಪರಿಶೀಲಿಸುವಾಗ ಸ್ಥಳೀಯ ನೋಂದಣಾಧಿಕಾರಿ ಒಬ್ಬರ ಪೌರತ್ವ ಸಂದೇಹಾಸ್ಪದ ಎಂದು ಕಂಡರೆ ಅವರ ಹೆಸರಿನ ಮುಂದೆ ಷರಾ ಬರೆಯಬಹುದು ಎಂದು ಅದರ 4ನೇ ನಿಯಮ ಹೇಳುತ್ತದೆ. ‘ಸಂದೇಹಾಸ್ಪದ’ ಎಂದರೇನು? ನಿಯಮಾವಳಿ ಅದನ್ನು ವಿವರಿಸುವುದಿಲ್ಲ. ಸಂದೇಹ ಬರಲು ಮೂರು ಹೆಸರು ಸಾಕೇ? ಗಡ್ಡ ಸಾಕೇ? ಮನೆಯಲ್ಲಾಡುವ ಭಾಷೆ ಸಾಕೇ?

ಸಾಮಾನ್ಯ ಅಪರಾಧದಲ್ಲಿ ಆರೋಪ ಸಾಬೀತು ಮಾಡಬೇಕಾದದ್ದು ಸರಕಾರ. ಪೌರತ್ವದ ಪ್ರಶ್ನೆ ಬಂದರೆ ಹೊರೆ ನಮ್ಮ ತಲೆಯ ಮೇಲೆ. ಇದು ಬ್ರಿಟಿಷರ ಕಾಲದ 1946ರ ವಿದೇಶೀಯರ ಕಾಯ್ದೆಯಿಂದ ಬಂದದ್ದು. 2025ರ ಹೊಸ ಕಾಯ್ದೆಯೂ ಆ ಹೊರೆಯನ್ನು ಇಳಿಸಲಿಲ್ಲ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪಟ್ಟಿಯಿಂದ ಹೊರಗುಳಿದವರು 19,06,657 ಮಂದಿ. ಅವರಲ್ಲಿ ಹಿಂದೂಗಳಿದ್ದರು, ಮುಸ್ಲಿಮರಿದ್ದರು. ಒಂದೇ ಕುಟುಂಬದಲ್ಲಿ ಕೆಲವರು ಒಳಗೆ, ಕೆಲವರು ಹೊರಗೆ ಆದರು. ಮದುವೆಯಾಗಿ ಊರು ಬದಲಿಸಿದ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸರಿಗೆ ತಂದೆಯ ಮಗಳೆಂದು ತೋರಿಸುವ ಕಾಗದವೇ ಇರಲಿಲ್ಲ. ಕಾಗದ ಬಡವರಿಗೂ ಹೆಂಗಸರಿಗೂ ಯಾವ ಕಾಲದಲ್ಲಿ ಒಲಿದಿದೆ?

ನಮ್ಮ ನೆರೆಯಲ್ಲೂ ಅಂಥ ಕಾಗದದ ಹುಡುಕಾಟ ಬಂತು. 2025ರ ನವೆಂಬರ್‌ನಲ್ಲಿ ತಲಪಾಡಿಯ ಆಚೆ ಕಾಸರಗೋಡಿನಲ್ಲಿ, ಕೇರಳದ ಉಳಿದ ಕಡೆಗಳಲ್ಲಿ ಆದಂತೆ, ಮತಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಆರಂಭವಾಯಿತು. ಅದೇ ವರ್ಷ ಜೂನ್‌ನಲ್ಲಿ ಬಿಹಾರದಲ್ಲಿ ಶುರುವಾದಾಗ ಚುನಾವಣಾ ಆಯೋಗ ದಾಖಲೆ ಕೇಳಲು ಬಳಸಿದ್ದು 1987 ಮತ್ತು 2004ರ ಅದೇ ಗೆರೆಗಳನ್ನು. ಉಳ್ಳಾಲದಿಂದ ಮಂಜೇಶ್ವರಕ್ಕೆ ಮದುವೆಯಾಗಿ ಹೋದ ಹೆಣ್ಣುಮಗಳೊಬ್ಬಳು ತವರಿನ ಹಳೆಯ ಪಟ್ಟಿಯಲ್ಲಿ ತಂದೆಯ ಹೆಸರು ಹುಡುಕಬೇಕಾದರೆ ಎಷ್ಟು ಬಾಗಿಲು ತಟ್ಟಬೇಕು ಎಂಬುದು ಈ ಕರಾವಳಿಯವರಿಗೆ ಹೇಳಿ ತಿಳಿಯಬೇಕಾದದ್ದಲ್ಲ. ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಬಿದ್ದುಹೋದಾಗ, ಅವರ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಆದೇಶಿಸಿತು. ‘ಕಾರಣಸಹಿತ’ ಎಂಬ ಈ ಒಂದು ಪದದಲ್ಲಿಯೇ ಅಧಿಕಾರಕ್ಕೆ ಹಾಕುವ ಲಗಾಮು ಇದೆ.

ಆ ಲಗಾಮನ್ನು ಕರ್ನಾಟಕದ ಹೈಕೋರ್ಟ್ 2020ರಲ್ಲಿ ಬಳಸಿದ್ದನ್ನು ನಾವು ಮರೆಯಬಾರದು. 2019ರ ಡಿಸೆಂಬರ್ 19, ಮಂಗಳೂರಿಗೆ ಮರೆಯಲಾಗದ ದಿನ. ನಿಷೇಧಾಜ್ಞೆ ಇತ್ತು, ಲಾಠಿ ಬೀಸಿತು, ಅಶ್ರುವಾಯು ಹರಡಿತು, ಬಂದರಿನ ಬೀದಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಕರ್ಫ್ಯೂ ಬಂತು, ಇಂಟರ್‌ನೆಟ್ ನಿಂತಿತು. ಬೆಂಗಳೂರಿನಲ್ಲೂ ಆಗ 144ನೇ ಸೆಕ್ಷನ್ ಹೇರಿದ್ದರು. ಆ ಬೆಂಗಳೂರಿನ ಆದೇಶ ಕಾನೂನಿನ ಪರೀಕ್ಷೆಯಲ್ಲಿ ನಿಲ್ಲದು ಎಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕ್ ಅವರ ಪೀಠ 2020ರ ಫೆಬ್ರವರಿ 13ರಂದು ಹೇಳಿತು. ಆದೇಶ ಹೊರಡಿಸಿದ ಅಧಿಕಾರಿ ತಾನೇ ವಿಚಾರ ಮಾಡಿ ಒಂದು ಅಭಿಪ್ರಾಯಕ್ಕೆ ಬಂದದ್ದು ಕಾಗದದ ಮೇಲೆ ಕಾಣಬೇಕು. ಕೆಳಗಿನವರು ಕೊಟ್ಟ ವರದಿಗೆ ಸಹಿ ಹಾಕಿದರೆ ಸಾಲದು ಎಂಬುದು ಅದರ ತಿರುಳು. ಅದೇ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಗಳ ಜೋಪಡಿಗಳನ್ನು, ಇಲ್ಲಿರುವವರು ಬಾಂಗ್ಲಾದೇಶಿಗಳು ಎಂಬ ಗುಲ್ಲಿನ ನಡುವೆ ಕೆಡವಿದ್ದರು. ಹೋಗಿ ನೋಡಿದರೆ ಅಲ್ಲಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಆ ಕೆಲಸವನ್ನು ತಡೆದು, ಇದನ್ನು ಯಾವ ಕಾನೂನಿನ ಬಲದಿಂದ ಮಾಡಿದಿರಿ ಎಂದು ಕೇಳಿತು. ಕನ್ನಡ ಮಾತಾಡುವ ಕೂಲಿಯವನೂ ಬಡವನಾಗಿದ್ದರೆ ವಿದೇಶಿಯಾಗಿ ಕಾಣಬಲ್ಲ ಎಂಬುದನ್ನು ಆ ಜೋಪಡಿಗಳು ತೋರಿಸಿದವು.

ಈ ಆದೇಶಗಳಿಂದ ಸತ್ತವರು ಮರಳಲಿಲ್ಲ. ಆದೇಶ ಬರುವ ಹೊತ್ತಿಗೆ ನಿಷೇಧಾಜ್ಞೆಯ ಅವಧಿಯೂ ಮುಗಿದಿತ್ತು. ನ್ಯಾಯ ಹಾಗೆ ತಡವಾಗಿ ಬರುವುದನ್ನು ನಾವು ಟೀಕಿಸಲೇಬೇಕು. ಆದರೂ ‘ಯಾವ ಕಾನೂನಿನ ಬಲದಿಂದ?’ ಎಂಬ ಪ್ರಶ್ನೆಯನ್ನು ಕೇಳುವ ಒಂದು ಜಾಗ ಇರುವುದೇ ಸಂವಿಧಾನದ ಅರ್ಥ.

ಅಮೆರಿಕದ ಕನ್ನಡಿ, ಗಲ್ಫಿನ ಕನ್ನಡಿ

ಈ ಚರ್ಚೆ ನಮ್ಮಲ್ಲಿ ಮಾತ್ರ ಇಲ್ಲ. 2025ರ ಜನವರಿ 20ರಂದು ಅಧಿಕಾರ ವಹಿಸಿದ ದಿನವೇ ಅಮೆರಿಕದ ಅಧ್ಯಕ್ಷ ಟ್ರಂಪ್, ಅಕ್ರಮವಾಗಿ ಅಥವಾ ತಾತ್ಕಾಲಿಕ ವೀಸಾದಲ್ಲಿರುವ ತಾಯಿಯ ಮಗುವಿಗೆ, ತಂದೆ ಪ್ರಜೆಯೋ ಕಾಯಂ ನಿವಾಸಿಯೋ ಅಲ್ಲದಿದ್ದರೆ, ಹುಟ್ಟಿನಿಂದ ಪೌರತ್ವವಿಲ್ಲ ಎಂದು ಆದೇಶಕ್ಕೆ ಸಹಿ ಹಾಕಿದರು. ಆ ಆದೇಶದ ನೆರಳು ನಮ್ಮ ಕರಾವಳಿಯಿಂದ ಹೋದ ಸಾಫ್ಟ್‌ವೇರ್ ದಂಪತಿಗಳ ಮೇಲೂ ಬಿತ್ತು. ಅಲ್ಲಿ ಹುಟ್ಟಿನ ಹಕ್ಕು ಇರುವುದು 1868ರ 14ನೇ ತಿದ್ದುಪಡಿಯಲ್ಲಿ. ಕರಿಯರು ಪ್ರಜೆಗಳೇ ಅಲ್ಲ ಎಂದ 1857ರ ಡ್ರೆಡ್ ಸ್ಕಾಟ್ ತೀರ್ಪಿಗೆ ಒಂದು ಅಂತರ್ಯುದ್ಧದ ನಂತರ ಕೊಟ್ಟ ಉತ್ತರ ಅದು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನು 1898ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದು ಅದನ್ನು ಗಟ್ಟಿ ಮಾಡಿದ. ಕೆಳಗಿನ ನ್ಯಾಯಾಲಯಗಳು ಟ್ರಂಪ್ ಆದೇಶಕ್ಕೆ ತಡೆ ಕೊಟ್ಟವು. ಅಂಥ ತಡೆಯನ್ನು ಇಡೀ ದೇಶಕ್ಕೆ ಅನ್ವಯಿಸುವ ಅಧಿಕಾರವನ್ನು ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಮೊಟಕು ಮಾಡಿತು, ಡಿಸೆಂಬರ್‌ನಲ್ಲಿ ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ಎತ್ತಿಕೊಂಡಿತು.

ನಮಗೂ ಅವರಿಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಹುಟ್ಟಿನ ಹಕ್ಕು ಸಂವಿಧಾನದಲ್ಲೇ ಇದೆ. ನಮ್ಮಲ್ಲಿ 1950ರ ನಂತರ ಹುಟ್ಟಿದವರ ಹಕ್ಕು ಇರುವುದು ಸಂಸತ್ತಿನ ಕಾಯ್ದೆಯಲ್ಲಿ. 11ನೇ ವಿಧಿ ಅದನ್ನು ಬದಲಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಹಾಗಾಗಿ ನಾವು ಆತುಕೊಳ್ಳಬೇಕಾದದ್ದು ಬೇರೆ ಕಂಬಗಳನ್ನು: ಸಮಾನತೆಯ 14ನೇ ವಿಧಿ, ಜೀವ ಸ್ವಾತಂತ್ರ್ಯದ 21ನೇ ವಿಧಿ, ನೇರವಾಗಿ ನ್ಯಾಯಾಲಯದ ಬಾಗಿಲು ತಟ್ಟುವ 32 ಮತ್ತು 226ನೇ ವಿಧಿಗಳು. 14 ಮತ್ತು 21 ‘ಪ್ರಜೆ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತವೆ. ಸಂದೇಹದ ಷರಾ ಬಿದ್ದವನಿಗೂ ಅವು ಅನ್ವಯಿಸುತ್ತವೆ.

ಇನ್ನೊಂದು ಕನ್ನಡಿಯಲ್ಲಿ ನಮ್ಮ ಮುಖವನ್ನೂ ನೋಡಿಕೊಳ್ಳಬೇಕು. ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದ ನಮ್ಮವರ ಮಕ್ಕಳು ಅಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲಿಯ ಅರಬಿಯನ್ನೇ ಮಾತಾಡಿದರೂ ಅಲ್ಲಿಯ ಪ್ರಜೆಗಳಾಗುವುದಿಲ್ಲ. ಇಖಾಮಾ ಮುಗಿದ ದಿನ ಪೆಟ್ಟಿಗೆ ಕಟ್ಟಬೇಕು. ನಾವು ಇದನ್ನು ಎಂದಾದರೂ ಅನ್ಯಾಯವೆಂದು ಬರೆದೆವೇ? ಅಲ್ಲಿ ರಿಯಾಲು ಇತ್ತು, ಸುಮ್ಮನಿದ್ದೆವು. ಹುಟ್ಟಿದ ನೆಲದ ಹಕ್ಕು ತತ್ವವಾದರೆ ಅದು ಎಲ್ಲ ನೆಲಕ್ಕೂ ತತ್ವ.

ನಮ್ಮ ಭಾಷಣದ ತಪ್ಪು

ಈಗ ಮತ್ತೆ ಹುಡುಗನ ಪ್ರಶ್ನೆಗೆ ಬರೋಣ. 2019-20ರಲ್ಲಿ ನಮ್ಮ ವೇದಿಕೆಗಳಲ್ಲಿ ಒಂದು ಮಾತು ಬಹಳ ಚಪ್ಪಾಳೆ ಪಡೆಯುತ್ತಿತ್ತು: “ಬೇರೆಯವರು ಹುಟ್ಟಿನಿಂದ ಭಾರತೀಯರು, ನಾವು ಆಯ್ಕೆಯಿಂದ ಭಾರತೀಯರು.” ನಾವೂ ಅದನ್ನು ಆಡಿದ್ದೇವೆ. ಕೇಳಲು ಸೊಗಸಾದ ಮಾತು. ಆದರೆ ಯೋಚಿಸಿದರೆ ಅದು ನಮ್ಮ ಕೈಯಿಂದಲೇ ನಮ್ಮ ಹಕ್ಕುಪತ್ರ ಹರಿದಂತೆ. ಆಯ್ಕೆ ಮಾಡಿದವನಿಗೆ ಆಯ್ಕೆಯನ್ನು ಮತ್ತೆ ಮತ್ತೆ ರುಜುಪಡಿಸುವ ಕೆಲಸ ಬೀಳುತ್ತದೆ. ಹುಟ್ಟಿದವನಿಗೆ ಬೀಳುವುದಿಲ್ಲ. 1981ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಾವು ಯಾವ ಆಯ್ಕೆ ಮಾಡಿದ್ದೆವು? ನಮ್ಮ ದಾದಿಯ ಬಳಿ ಬಂದು ಯಾರೂ ಎರಡು ದೇಶಗಳ ನಕ್ಷೆ ಹಿಡಿದು ಕೇಳಿರಲಿಲ್ಲ. 1947ರ ಆಗಸ್ಟಿನಲ್ಲಿ ಅವರು ಬಹುಶಃ ಅಕ್ಕಿ ರುಬ್ಬುತ್ತಿದ್ದರು.

ಸ್ವಾತಂತ್ರ್ಯ ಹೋರಾಟದಲ್ಲಿ ಮಡಿದ ಮುಸ್ಲಿಮರ ಪಟ್ಟಿ ಓದುವುದೂ ಹಾಗೆಯೇ. ಅದು ಇತಿಹಾಸವಾಗಿ ಬೇಕು, ಅರ್ಜಿಯ ಲಗತ್ತಾಗಿ ಬೇಡ. ತ್ಯಾಗಿಗಳ ಮೊಮ್ಮಕ್ಕಳಿಗೂ ಸೋಮಾರಿಗಳ ಮೊಮ್ಮಕ್ಕಳಿಗೂ ಪೌರತ್ವ ಒಂದೇ ತೂಕದ್ದು.

ಸಾಹಿತಿಗಳಾಗಿಯೂ ನಮ್ಮ ಲೆಕ್ಕ ಒಪ್ಪಿಸಬೇಕು. ಬೊಳುವಾರು ಮಹಮ್ಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ ವಿಭಜನೆಯನ್ನು ಮುತ್ತುಪ್ಪಾಡಿಯ ಅಂಗಳಕ್ಕೆ ತಂದು ತೋರಿಸಿದ ದೊಡ್ಡ ಪ್ರಯತ್ನ. ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ಕೇಳಿದ್ದು, ಬರೆದಿಟ್ಟ ಮಾತನ್ನು ಅರ್ಥೈಸುವ ಅಧಿಕಾರ ಕೆಲವು ಗಂಡಸರ ಕೈಗೆ ಸಿಕ್ಕರೆ ಒಬ್ಬ ನಾದಿರಾಳ ಬದುಕು ಏನಾಗುತ್ತದೆ ಎಂದು. ಮನೆಯೊಳಗಿನ ಅಧಿಕಾರಕ್ಕೆ ಅವರು ಹಾಕಿದ ಪ್ರಶ್ನೆ ಕಚೇರಿಯ ಅಧಿಕಾರಕ್ಕೂ ಸಲ್ಲುತ್ತದೆ. ನಾವು ನಂತರದವರು ಅದನ್ನು ಮುಂದುವರಿಸಲಿಲ್ಲ. ನಮ್ಮ ಕತೆಗಳಲ್ಲಿ ಗಲಭೆ ಬರುತ್ತದೆ, ಲಾಠಿ ಬರುತ್ತದೆ. ಗುಮಾಸ್ತ ಬರುವುದಿಲ್ಲ. ಒಂದು ದೀರ್ಘವನ್ನು ಬಿಟ್ಟು ಬರೆದು ಒಂದು ಮನೆಯನ್ನು ಹತ್ತು ವರ್ಷ ಅಲೆಸಬಲ್ಲ ಆ ಸಾಮಾನ್ಯ ಮನುಷ್ಯ, ಸಂಜೆ ಮಗಳಿಗೆ ಜಿಲೇಬಿ ಕಟ್ಟಿಸಿಕೊಂಡು ಹೋಗುವವನು, ನಮ್ಮ ಯಾವ ಕತೆಯಲ್ಲೂ ಇಲ್ಲ. ಸತ್ಯು ಐವತ್ತು ವರ್ಷಗಳ ಹಿಂದೆ ಅವನನ್ನು ಕಂಡಿದ್ದರು.

ಆ ಹುಡುಗನನ್ನು ಮತ್ತೆ ಕಂಡರೆ ಹೇಳಬೇಕೆಂದಿದ್ದೇವೆ: ಮಗಾ, ಸಲೀಂ ಮಿರ್ಜಾ ಮನೆಗೆ ಹೋಗಿ ಮಲಗಿದ್ದರೂ ಪ್ರಜೆಯೇ. ಮೆರವಣಿಗೆಗೆ ಹೋಗಬೇಕಾದದ್ದು ಪ್ರಜೆ ಆಗುವುದಕ್ಕಲ್ಲ, ಸೌದೆ ಕೋಣೆಯಲ್ಲಿ ಅಡಗಿದ ಅಜ್ಜಿಯನ್ನು ಯಾರೂ ಹೊತ್ತು ಹೊರಗೆ ಹಾಕದಂತೆ ನೋಡಿಕೊಳ್ಳುವುದಕ್ಕೆ.

ದಾದಿಯ ಮೂರು ಕಾಗದಗಳನ್ನು ನಾವು ಈಗ ಒಂದೇ ಲಕೋಟೆಯಲ್ಲಿ ಹಾಕಿಟ್ಟಿದ್ದೇವೆ. ಮೊನ್ನೆ ಮಗಳು ಅದನ್ನು ತೆರೆದು, ಇದರಲ್ಲಿ ನಿಜವಾದ ಹೆಸರು ಯಾವುದು ಎಂದು ಕೇಳಿದಳು. ಮೂರೂ ಎಂದೆವು.